ಬೀಗ ತೆಗೆಯಿರಿ, ಪಟ್ಟಿ ಮಾಡಿರಿ

ಮಾತು ಆಮೇಲೆ ಆಡೋಣ. ಮೊದಲು ನಿಮ್ಮ ನಿಮ್ಮ ಸಂಘದ ಕೋಣೆಯ ಬೀಗ ತೆಗೆದು ಒಳಗೆ ಏನೇನಿದೆ ನೋಡಿಕೊಂಡು ಬನ್ನಿರಿ.

ನಮ್ಮ ಗದಗ-ಕೊಪ್ಪಳ ಸೀಮೆಯ ಯಾವ ಊರಿನ ಯಾವ ಓಣಿಯ ಸಂಘವಾದರೂ ಸರಿ, ಕೋಣೆಯೊಳಗೆ ಕಾಣುವುದು ಹೆಚ್ಚುಕಡಿಮೆ ಒಂದೇ. ಹೋದ ವರ್ಷದ ಗಣಪ್ಪನ ಮಂಟಪದ ಬಿದಿರು, ಸುತ್ತಿಟ್ಟ ಬ್ಯಾನರುಗಳು, ಇಲಿ ಕಡಿದ ಜಮಖಾನ, ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಎರಡು ಕೊಪ್ಪರಿಗೆ, ಒಂದಷ್ಟು ಬಕೆಟ್ಟು ಸೌಟು, ಒಂದು ಮೈಕ್ ಸೆಟ್ಟು. ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಿಂದ ಪೂರ್ತಿ ಹೊರಗೂ ಬಾರದ ಒಂದು ಆಕ್ಸಿಜನ್ ಕಾನ್ಸನ್‌ಟ್ರೇಟರ್. 2021ರಲ್ಲಿ ಕೊರೊನಾದ ಎರಡನೆಯ ಅಲೆ ಎದ್ದಾಗ ಯಾರೋ ಪುಣ್ಯಾತ್ಮರು ಕೊಡಿಸಿದ್ದು. ಅಲೆ ಇಳಿಯಿತು, ಯಂತ್ರ ಮೂಲೆ ಸೇರಿತು. ಅದನ್ನು ವರ್ಷಗಟ್ಟಲೆ ಸುಮ್ಮನೆ ಇಡುವಂತಿಲ್ಲ ಕಣ್ರಪ್ಪಾ. ಒಳಗಿನ ಜಿಯೋಲೈಟ್ ಹರಳು ಗಾಳಿಯ ತೇವ ಹೀರಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ, ಆಗಾಗ ಒಂದಿಷ್ಟು ಗಂಟೆಯಾದರೂ ಓಡಿಸುತ್ತಿರಬೇಕು. ಅದೇ ಹೊತ್ತಿಗೆ ಎರಡು ಓಣಿ ಆಚೆ, ಬೀಡಿ ಸೇದಿ ಎದೆ ಸವೆಸಿಕೊಂಡ ಮುದುಕರೊಬ್ಬರು ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿರುತ್ತಾರೆ. ಮನೆಯಲ್ಲೇ ಆಕ್ಸಿಜನ್ ಕೊಡಿರಿ ಎಂದು ಡಾಕ್ಟರು ಚೀಟಿ ಬರೆದಿರುತ್ತಾರೆ. ಯಂತ್ರದ ಬಾಡಿಗೆ ಕಟ್ಟುವ ತಾಕತ್ತು ಮನೆಯವರಿಗಿರುವುದಿಲ್ಲ. ನಿಮ್ಮ ಕೋಣೆಯಲ್ಲಿ ಯಂತ್ರವಿದೆ ಎಂದು ಅವರಿಗೆ ಗೊತ್ತಿಲ್ಲ. ಅವರ ಮನೆಯಲ್ಲಿ ಕಾಯಿಲೆಯಿದೆ ಎಂದು ನಿಮಗೆ ಗೊತ್ತಿಲ್ಲ. ಅವರ ಓಣಿಯ ಸಂಘದವರೂ ನೀವೂ ತಿಂಗಳಿಗೊಮ್ಮೆ ಚಹಾ ಕುಡಿಯಲು ಕೂತಿದ್ದರೆ ಇಬ್ಬರಿಗೂ ಎರಡೂ ಗೊತ್ತಿರುತ್ತಿತ್ತು.

ನಾನು ಹರೆಯದಿಂದ ನಿವೃತ್ತಿಯವರೆಗೆ ಹಳ್ಳಿಯ ಸಹಕಾರಿ ಸಂಘದಲ್ಲಿ ಕಿರ್ದಿ ಬರೆದವನು. ನನ್ನ ಕಿವಿಮಾತಿಗೂ ಲೆಕ್ಕದ ವಾಸನೆ ಬರುತ್ತದೆ, ಸಹಿಸಿಕೊಳ್ಳಿರಿ. ಸಹಕಾರದ ವಿಷಯದಲ್ಲಿ ನಮ್ಮ ಸೀಮೆಗೆ ಸ್ವಲ್ಪ ಜಂಬವೂ ಇದೆ. ಬ್ರಿಟಿಷರ 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಏಷ್ಯಾ ಖಂಡಕ್ಕೇ ಮೊದಲನೆಯದು ಎಂದು ಅದಕ್ಕೆ ಹೆಸರು. ಸಾಹುಕಾರನ ಬಡ್ಡಿಗೆ ಸಿಕ್ಕ ರೈತರು ತಮ್ಮ ತಮ್ಮ ಚೂರು ದುಡ್ಡನ್ನು ಒಂದು ಕಡೆ ಸೇರಿಸಿ, ಬೇಕಾದವನಿಗೆ ಬೇಕಾದ ಹೊತ್ತಿನಲ್ಲಿ ಕೊಟ್ಟರು. ಅವರು ದುಡ್ಡಿಗೆ ಮಾಡಿದ್ದನ್ನು ನೀವು ಕೊಪ್ಪರಿಗೆಗೆ, ಟ್ರ್ಯಾಕ್ಟರಿಗೆ, ಹುಡುಗರ ದುಡಿಮೆಗೆ ಮಾಡಬೇಕು. ಅಷ್ಟೇ ನಾನು ಹೇಳಲು ಹೊರಟದ್ದು. ಅದನ್ನು ಮಾಡುವ ದಾರಿಯಲ್ಲಿ ಕಲ್ಲುಮುಳ್ಳು ಬಹಳ, ಅದಕ್ಕೇ ಮಾತು ಉದ್ದವಾಗುತ್ತದೆ.

ಒಂದು ಭಯ ಮೊದಲೇ ಬಿಡಿರಿ. ಸಂಘಗಳನ್ನು ಕಲಸಿ ಒಂದು ಮಾಡಿರಿ ಎಂದು ನಾನು ಹೇಳುತ್ತಿಲ್ಲ. ಗಜಾನನ ಯುವಕ ಮಂಡಳ ತನ್ನ ಹೆಸರಲ್ಲೇ ಇರಲಿ, ಭಜನಾ ಸಂಘ ಅದರಷ್ಟಕ್ಕೆ ಇರಲಿ, ಅಂಜುಮನ್ ಕಮಿಟಿ, ಮಹಿಳಾ ಮಂಡಳ, ಅಂಬೇಡ್ಕರ್ ಯುವಕ ಸಂಘ ಎಲ್ಲವೂ ತಮ್ಮ ತಮ್ಮ ಕಟ್ಟೆಯ ಮೇಲೇ ಇರಲಿ. ಒಂದುಗೂಡುವ ಉತ್ಸಾಹದಲ್ಲಿ ಒಕ್ಕೂಟ ಅಂತ ಮಾಡಿ, ಅಧ್ಯಕ್ಷ ಒಬ್ಬ, ಉಪಾಧ್ಯಕ್ಷರು ಐವರು, ಗೌರವಾಧ್ಯಕ್ಷರು ಹನ್ನೊಂದು ಜನ ಆಗಿ, ಲೆಟರ್‌ಹೆಡ್ ಅಚ್ಚಾದ ಮೇಲೆ ಕೆಲಸಕ್ಕೆ ಕೈ ಉಳಿಯದ ಒಕ್ಕೂಟಗಳನ್ನು ಬೇಕಾದಷ್ಟು ಕಂಡಿದ್ದೇನೆ. ನಿಮಗೆ ಬೇಕಾದದ್ದು ಒಂದು ರಜಿಸ್ಟರು. ದಪ್ಪ ರಟ್ಟಿನದು, ಪುಟಕ್ಕೆ ನಂಬರು ಹಾಕಿದ್ದು. ಮೊಬೈಲಿನ ಗ್ರೂಪಿನಲ್ಲಿ ಹಾಕಿದ್ದೇವೆ ಕಾಕಾ ಅನ್ನಬೇಡಿರಿ. ಬೆಳಗಿನ ಶುಭೋದಯದ ಹೂವಿನ ಚಿತ್ರಗಳ ಅಡಿಯಲ್ಲಿ ಕೊಪ್ಪರಿಗೆ ಎಲ್ಲಿ ಹೋಯಿತು ಎಂದು ಆರು ತಿಂಗಳ ಮೇಲೆ ಹುಡುಕಿ ನೋಡಿರಿ, ಗೊತ್ತಾಗುತ್ತದೆ.

ರಜಿಸ್ಟರಿನ ಮೊದಲ ಭಾಗ ಸಾಮಾನಿಂದು. ನಮ್ಮ ಸಂಘದಲ್ಲಿ ಇದನ್ನು ಡೆಡ್‌ಸ್ಟಾಕ್ ರಜಿಸ್ಟರ್ ಅನ್ನುತ್ತಿದ್ದೆವು. ಏನಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ, ಯಾರ ಬಳಿ ಬೀಗದ ಕೈ. ಕೊಟ್ಟಾಗ ತಾರೀಖು, ಒಯ್ದವರ ಸಹಿ. ಬಂದಾಗ ತಾರೀಖು, ಪಡೆದವರ ಸಹಿ. ಇದರಲ್ಲಿ ನಾಚಿಕೆ ಪಟ್ಟುಕೊಳ್ಳುವಂಥದು ಏನೂ ಇಲ್ಲ. ‘ಏ, ನಮ್ಮವರೇ ಅಲ್ಲ, ಸಹಿ ಯಾಕ?’ ಅನ್ನುವ ಸಲಿಗೆಯಲ್ಲೇ ಜಗಳದ ಬೀಜ ಬೀಳುವುದು.

ಕೊಪ್ಪರಿಗೆಯನ್ನೇ ತೆಗೆದುಕೊಳ್ಳಿರಿ. ಅದರ ಕಂಠದ ಸುತ್ತ ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆದು ಯಾರದೋ ಹೆಸರು ಬರೆದಿರುತ್ತದೆ. ತಂದೆಯ ನೆನಪಿಗೆ ಮಗ ಕೊಟ್ಟದ್ದು, ಸಂತಾನವಾಯಿತೆಂದು ಹರಕೆ ತೀರಿಸಿದ್ದು. ಕೊಟ್ಟ ಮನೆಯವರು ಇನ್ನೂ ಅದೇ ಓಣಿಯಲ್ಲಿ ಇದ್ದಾರೆ. ಆ ಪಾತ್ರೆ ಇನ್ನೊಂದು ಓಣಿಯಿಂದ ಅಡಿ ಕಪ್ಪಾಗಿ, ಅಂಚು ನೆಗ್ಗಿ, ಒಳಗೆ ಸಾರಿನ ಕಲೆ ಉಳಿಸಿಕೊಂಡು ಬಂದರೆ ನೋಯುವುದು ತಾಮ್ರವಲ್ಲ, ಆ ಮನೆಯವರು. ಆಮೇಲೆ ಅವರು ನಿಮ್ಮ ಅಧ್ಯಕ್ಷನ ಕಿವಿ ಹಿಂಡುತ್ತಾರೆ, ಮುಂದಿನ ಸಲ ಪಾತ್ರೆ ಕೇಳಿದರೆ ‘ಬೀಗದ ಕೈ ಊರಾಗಿಲ್ಲ’ ಎಂಬ ಉತ್ತರ ಬರುತ್ತದೆ. ಹಿರಿಯ ಅಡುಗೆಯವರಿಗೆ ಇದೆಲ್ಲ ಗೊತ್ತಿತ್ತು. ಕಟ್ಟಿಗೆ ಒಲೆಗೆ ಏರಿಸುವ ಮುಂಚೆ ಪಾತ್ರೆಯ ಅಡಿಗೆ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ತೆಳುವಾಗಿ ಬಳಿಯುತ್ತಿದ್ದರು. ಮಸಿಯೆಲ್ಲ ಮಣ್ಣಿನ ಮೇಲೆ ಕೂರುತ್ತದೆ, ತೊಳೆಯುವಾಗ ಮಣ್ಣಿನ ಜತೆ ಕಳಚಿ ಬೀಳುತ್ತದೆ. ಎರವಲು ತಂದ ಪಾತ್ರೆಗಾದರೆ ಕೈ ಇನ್ನಷ್ಟು ಧಾರಾಳವಾಗಿ ಬಳಿಯುತ್ತಿತ್ತು. ಒಳಗೆ ಕಲಾಯಿ ಹೋಗಿದ್ದರೆ ಹುಣಸೆಹುಳಿ ಹಾಕಿದ ಸಾರು ತಾಮ್ರದಲ್ಲಿ ಮಾಡಬಾರದು ಎನ್ನುವುದನ್ನೂ ನೋಡಿಕೊಳ್ಳುತ್ತಿದ್ದರು. ನೀವು ಇಷ್ಟು ನಿಯಮ ಮಾಡಿರಿ ಸಾಕು: ಒಯ್ದವರೇ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಮೂರನೆಯ ದಿನದೊಳಗೆ ತಂದು ಮುಟ್ಟಿಸಬೇಕು. ಕಲಾಯಿ ಖರ್ಚು ವರ್ಷಕ್ಕೊಮ್ಮೆ ಬಳಸಿದವರೆಲ್ಲ ಹಂಚಿಕೊಳ್ಳಬೇಕು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡಿಬಿಡಬೇಕು. ಮಾಂಸದಡುಗೆಗೆ ಬಳಸಿದ ಪಾತ್ರೆಯನ್ನು ಕೆಲವರು ಒಲ್ಲೆ ಅನ್ನುತ್ತಾರೆ. ಅದನ್ನು ದೊಡ್ಡ ಸಿದ್ಧಾಂತದ ಚರ್ಚೆ ಮಾಡಿಕೊಂಡು ಕೂತರೆ ನಿಮ್ಮ ರಜಿಸ್ಟರು ಮೊದಲ ವಾರವೇ ಹರಿಯುತ್ತದೆ. ಪಾತ್ರೆಗೆ ಬಣ್ಣದ ಗುರುತು ಹಾಕಿರಿ, ಇವು ಇದಕ್ಕೆ ಅವು ಅದಕ್ಕೆ ಎಂದು ಬರೆಯಿರಿ, ಮುಂದೆ ನಡೆಯಿರಿ. ಮನಸ್ಸು ಬದಲಾಗಬೇಕಾದ ವಿಷಯಗಳು ಇವೆ, ಒಪ್ಪುತ್ತೇನೆ. ಅವು ಒಟ್ಟಿಗೆ ದುಡಿಯುವಾಗ ತಾವಾಗಿ ಬದಲಾಗುವುದೇ ಹೆಚ್ಚು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಮೊಹರಂ ಹಬ್ಬಕ್ಕೆ ಅಲಾಯಿ ದೇವರು ಕೂರಿಸುವ ಸೀಮೆ ಇದು. ನಮ್ಮ ಅಜ್ಜಂದಿರು ಆ ಬಗ್ಗೆ ಒಂದು ಠರಾವೂ ಬರೆದಿರಲಿಲ್ಲ.

ಪಟ್ಟಿ ಆದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಒಂದೇ ಊರಲ್ಲಿ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಮೂರು ಸಂಘದಲ್ಲಿ ಇರುತ್ತದೆ, ಗಾಲಿಕುರ್ಚಿ ಒಂದರಲ್ಲೂ ಇರುವುದಿಲ್ಲ. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಕಾಯುವ ಗಾಳಿಹಾಸಿಗೆ ಇರುವುದಿಲ್ಲ, ವಾಕರ್ ಇರುವುದಿಲ್ಲ. ಕಾರಣ ಬಹಳ ಸರಳ. ಫ್ರೀಜರ್ ಪೆಟ್ಟಿಗೆಯ ಮೇಲೆ ದಾನಿಯ ಹೆಸರು ದೊಡ್ಡದಾಗಿ ಬರೆಸಬಹುದು, ಸಾವಿನ ಮನೆಯ ಮುಂದೆ ಊರೆಲ್ಲ ನಿಂತು ಓದುತ್ತದೆ. ಗಾಳಿಹಾಸಿಗೆ ಒಳಮನೆಯಲ್ಲಿ ಇರುತ್ತದೆ, ಅದರ ಮೇಲೆ ಮಲಗಿದವರ ಅಡಿಗೆ ಬರೆದ ಹೆಸರನ್ನು ಯಾರು ಓದುತ್ತಾರೆ? ಹಾಗಾಗಿ ಮುಂದೆ ಯಾರಾದರೂ ‘ಏನಾದರೂ ಕೊಡಿಸುತ್ತೇನೆ’ ಎಂದು ಬಂದರೆ, ಆ ರಜಿಸ್ಟರು ತೆರೆದು ಇಲ್ಲದ್ದನ್ನು ತೋರಿಸಿರಿ. ದಾನಿಗಳು ಕೆಟ್ಟವರಲ್ಲ. ಊರಿಗೆ ಏನು ಬೇಕು ಎಂದು ಅವರಿಗೆ ಹೇಳಿದವರು ಇರಲಿಲ್ಲ.

ಎರಡನೆಯ ಭಾಗ ತಾರೀಖಿನದು. ನಮ್ಮವರಿಗೆ ವರ್ಷದಲ್ಲಿ ಎರಡೇ ಕಾಲ: ಆಗಸ್ಟಿನಿಂದ ನವೆಂಬರ್ ತನಕ ಹಗಲುರಾತ್ರಿ ಕಾರ್ಯಕ್ರಮ, ಉಳಿದಂತೆ ನಿದ್ದೆ. ಸ್ವಾತಂತ್ರ್ಯ ದಿನ, ಗಣೇಶ ಚೌತಿ, ದಸರಾ, ರಾಜ್ಯೋತ್ಸವ ಎಲ್ಲವೂ ಒಂದರ ಬೆನ್ನಿಗೆ ಒಂದು. ಬೇರೆ ಯಾವುದರಲ್ಲಿ ಗುದ್ದಾಟವಾದರೂ ನಗಬಹುದು, ರಕ್ತದಾನ ಶಿಬಿರದಲ್ಲಿ ನಗುವಂತಿಲ್ಲ. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿರಿ. ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ತೆಗೆದ ರಕ್ತದ ಕೆಂಪುಕಣಗಳನ್ನು ಸಂಗ್ರಹಿಸುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಮಾತ್ರ ಐದೇ ದಿನ. ಈಗ ಆಗಸ್ಟ್ 15ಕ್ಕೆ ಒಂದು ಸಂಘ, ಅದೇ ವಾರ ಇನ್ನೊಂದು, ನಾಯಕರ ಹುಟ್ಟುಹಬ್ಬಕ್ಕೆ ಮತ್ತೊಂದು ಶಿಬಿರ ಮಾಡಿತು ಅನ್ನಿರಿ. ಊರಿನ ಗಟ್ಟಿಮುಟ್ಟಾದ ಹುಡುಗರೆಲ್ಲ ಒಂದೇ ವಾರದಲ್ಲಿ ಕೊಟ್ಟು ಮುಗಿಸಿದರು. ಮಳೆ ನಿಂತು, ಸೊಳ್ಳೆ ಎದ್ದು, ಡೆಂಗೆ ಬರುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಪ್ಲೇಟ್‌ಲೆಟ್ ಬೇಕೆಂದು ಫೋನ್ ಬಂದರೆ ಆಗಸ್ಟಿನ ಪ್ಲೇಟ್‌ಲೆಟ್ ಎಂದೋ ಚೆಲ್ಲಿಹೋಗಿರುತ್ತದೆ. ಕೊಟ್ಟ ಹುಡುಗರೋ ನವೆಂಬರ್ ನಡುವಿನ ತನಕ ಮತ್ತೆ ರಕ್ತ ಕೊಡುವಂತಿಲ್ಲ. ಇನ್ನು ಏಪ್ರಿಲ್-ಮೇ ಬಂತೆಂದರೆ ಕಾಲೇಜಿಗೆ ರಜೆ, ಶಿಬಿರಗಳಿಲ್ಲ, ರಕ್ತನಿಧಿಗಳು ಬರಿದಾಗಿರುತ್ತವೆ. ಹೆರಿಗೆ, ಅಪಘಾತ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ.

ನಾಲ್ಕು ಸಂಘಗಳು ಕೂತು ವರ್ಷವನ್ನು ಹಂಚಿಕೊಂಡರೆ ಮುಗಿಯಿತು. ಒಬ್ಬರಿಗೆ ಆಗಸ್ಟು, ಒಬ್ಬರಿಗೆ ಅಕ್ಟೋಬರು, ಒಬ್ಬರಿಗೆ ಜನವರಿ, ಒಬ್ಬರಿಗೆ ಮೇ. ಮೇ ತಿಂಗಳು ಯಾರಿಗೂ ಬೇಡ, ಬಿಸಿಲು, ಮದುವೆ ಸೀಸನ್ನು. ಅದಕ್ಕೆ ಚೀಟಿ ಎತ್ತಿರಿ, ಮುಂದಿನ ವರ್ಷ ಬದಲಿಸಿಕೊಳ್ಳಿರಿ. ಶಿಬಿರ ಯಾರದೇ ಆಗಲಿ, ಉಳಿದ ಮೂವರು ತಮ್ಮಲ್ಲಿ ಕಾಯುವ ಅವಧಿ ಮುಗಿದ ಹುಡುಗರನ್ನು ಕಳಿಸಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನೋಡಿರಿ.

ಮೂರನೆಯ ಭಾಗ ಕೈಗಳದು. ಇದೇ ಎಲ್ಲಕ್ಕಿಂತ ನಾಜೂಕು. ಊರಲ್ಲಿ ಎಷ್ಟು ಸಂಘವಿದ್ದರೂ ದುಡಿಯುವ ಹುಡುಗರು ಅದೇ ಹತ್ತು ಜನ ಎಂಬ ಗುಟ್ಟು ನಿಮಗೂ ಗೊತ್ತು. ಗಿಡ ನೆಡಲು ಅವರೇ, ಪೆಂಡಾಲು ಹಾಕಲು ಅವರೇ, ಹೆಣ ಹೊರಲು ಅವರೇ. ಒಂದು ದಿನ ಅವರಲ್ಲೊಬ್ಬ ಮದುವೆಯಾಗಿ, ಇನ್ನೊಬ್ಬ ಬೆಂಗಳೂರಿಗೆ ಹೋಗಿ, ಮೂರನೆಯವನ ಅವ್ವ ‘ಊರ ಉಸಾಬರಿ ಸಾಕು’ ಎಂದು ಗದರಿದರೆ ನಾಲ್ಕು ಸಂಘಗಳು ಒಟ್ಟಿಗೆ ಮಲಗುತ್ತವೆ. ಸ್ವಯಂಸೇವಕರನ್ನು ಹಂಚಿಕೊಳ್ಳುವುದೆಂದರೆ ಆ ಹತ್ತು ಜನರನ್ನು ನಾಲ್ಕು ದಿಕ್ಕಿಗೆ ಎಳೆಯುವುದಲ್ಲ. ಹನ್ನೊಂದನೆಯವನನ್ನು ಹುಡುಕುವುದು. ಪ್ರತಿ ಸಂಘವೂ ತನ್ನ ಸದಸ್ಯರ ಪಟ್ಟಿಯಲ್ಲಿ ಹೆಸರಿನ ಮುಂದೆ ಆತನಿಗೆ, ಆಕೆಗೆ ಏನು ಬರುತ್ತದೆ ಎಂದು ಬರೆಯಲಿ. ಒಬ್ಬನಿಗೆ ಲಾರಿ ಲೈಸೆನ್ಸಿದೆ, ಒಬ್ಬಳು ನರ್ಸಿಂಗ್ ಓದಿದ್ದಾಳೆ, ಒಬ್ಬ ವೈರಿಂಗ್ ಮಾಡುತ್ತಾನೆ, ಒಬ್ಬರು ನಿವೃತ್ತ ಶಿರಸ್ತೇದಾರರು, ಅರ್ಜಿ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಇವರನ್ನು ಯಾರೂ ಕರೆದೇ ಇರುವುದಿಲ್ಲ. ಕುರ್ಚಿ ಹೊರುವುದೊಂದೇ ಸೇವೆ ಎಂದುಕೊಂಡು ಅವರೂ ಸುಮ್ಮನಿರುತ್ತಾರೆ.

ಕಾಲೇಜಿನ ಎನ್ಎಸ್ಎಸ್ ಹುಡುಗರನ್ನೂ ನೆನಪಿಡಿರಿ. ಅವರಿಗೆ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕೆಂಬ ಕಟ್ಟಳೆಯೇ ಇದೆ, ಏಳು ದಿನದ ವಿಶೇಷ ಶಿಬಿರ ಬೇರೆ. ಆದರೆ ಅವರ ವರ್ಷದ ಯೋಜನೆ ಮೊದಲೇ ಆಗಿಹೋಗುತ್ತದೆ. ಹಿಂದಿನ ಸಂಜೆ ಕಾರ್ಯಕ್ರಮಾಧಿಕಾರಿಗೆ ಫೋನ್ ಮಾಡಿ ‘ಸರ್, ನಾಳೆ ಐವತ್ತು ಹುಡುಗರು ಬೇಕು’ ಅನ್ನುವುದು ಮರ್ಯಾದೆಯಲ್ಲ. ಕಾಲೇಜು ಶುರುವಾಗುವ ಹೊತ್ತಿಗೇ ನಾಲ್ಕೂ ಸಂಘಗಳ ಪರವಾಗಿ ಒಬ್ಬರೇ ಹೋಗಿ, ಕೆರೆ ಏರಿಯ ಜಾಲಿ ಕಡಿಯುವುದೋ ಶಾಲೆಗೆ ಸುಣ್ಣ ಬಳಿಯುವುದೋ, ಕೆಲಸದ ಹೆಸರು ಹೇಳಿ ಕೇಳಿರಿ.

ಇನ್ನೊಂದು ಸಂಘಕ್ಕೆ ಹುಡುಗರನ್ನು ಕಳಿಸುವಾಗ ಜತೆಗೆ ನಿಮ್ಮವನೊಬ್ಬ ಮುಂದಾಳು ಹೋಗಲಿ. ಅಲ್ಲಿ ಹುಕುಂ ನಡೆಯುವುದು ಕರೆದವರದು, ಅದನ್ನು ಮುಂದಾಳು ಒಪ್ಪಿಕೊಂಡೇ ಹೋಗಬೇಕು. ಆದರೆ ಹುಡುಗರು ಉಂಡರೋ ಇಲ್ಲವೋ, ಹೇಳಿದ ಹೊತ್ತಿಗೆ ಬಿಟ್ಟರೋ ಇಲ್ಲವೋ ನೋಡುವುದು ಅವನ ಹೊಣೆ. ಹೆಣ್ಣುಮಕ್ಕಳನ್ನು ಕರೆದರೆ ಶೌಚಾಲಯ ಎಲ್ಲಿದೆ, ಕತ್ತಲಾದ ಮೇಲೆ ಮನೆ ಮುಟ್ಟಿಸುವವರು ಯಾರು, ಇವೆರಡು ತೀರ್ಮಾನವಾದ ಮೇಲೆಯೇ ಕರೆಯಿರಿ. ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಎನ್ನುವುದನ್ನು ಪೆಟ್ಟಾಗುವ ಮುಂಚೆಯೇ ಮಾತಾಡಿರಿ. ಅಪಶಕುನ ಅನ್ನಿಸಿದರೂ ಪರವಾಗಿಲ್ಲ.

ಹೊಲಮನೆ ಇದ್ದವರಿಗೆ ಮುಯ್ಯಾಳು ಹೊಸತಲ್ಲ. ಇವತ್ತು ನಿಮ್ಮ ಹೊಲದ ಕಡಲೆ ಕೀಳಲು ನಾವು, ನಾಡಿದ್ದು ನಮ್ಮ ಹೊಲದ ಜೋಳಕ್ಕೆ ನೀವು. ಆಳಿಗೆ ಆಳು, ದಿನಕ್ಕೆ ದಿನ. ಸಂಘಗಳ ನಡುವೆ ಆ ಲೆಕ್ಕವನ್ನು ಅಷ್ಟು ಬಿಗಿಯಾಗಿ ಹಿಡಿಯಲು ಹೋಗಬೇಡಿರಿ ಎನ್ನುವುದು ನನ್ನ ಅಭಿಪ್ರಾಯ. ಭಜನಾ ಸಂಘದಲ್ಲಿ ಎಲ್ಲರೂ ಅರವತ್ತು ದಾಟಿದವರು, ಅವರು ನಿಮ್ಮ ಪೆಂಡಾಲಿಗೆ ಗಳ ಹೊರಲಾರರು. ಆದರೆ ಅವರ ಬಳಿ ಮಳೆಗೆ ಸೋರದ ದೊಡ್ಡ ಪಡಸಾಲೆಯಿದೆ, ಊರ ತುಂಬ ಒಳ್ಳೆಯ ಮಾತಿದೆ. ಅಂಜುಮನ್ನಿನವರ ಬಳಿ ಶಾದಿಮಹಲು ಇದೆ. ಆಳಿಗೆ ಪಡಸಾಲೆ ಬಂದರೆ ಮುಯ್ಯಿ ತೀರಿತೆಂದೇ ತಿಳಿಯಿರಿ. ರಜಿಸ್ಟರಿನಲ್ಲಿ ಎಲ್ಲವೂ ಇರಲಿ. ವರ್ಷದ ಕೊನೆಗೆ ಯಾರೋ ಒಬ್ಬರು ತೆಗೆದುಕೊಂಡೇ ತೆಗೆದುಕೊಂಡು ಏನೂ ಕೊಟ್ಟಿಲ್ಲವೆಂದು ಕಂಡರೆ, ಸಭೆಯಲ್ಲಿ ಓದಿ ಮಾನ ಕಳೆಯಬೇಡಿರಿ. ಅವರ ಕಾರ್ಯದರ್ಶಿಯನ್ನು ಚಹಾದಂಗಡಿಗೆ ಕರೆದು ಪುಟ ತೋರಿಸಿದರೆ ಸಾಕು.

ದೊಡ್ಡ ಮಟ್ಟದಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದರೆ, ಕೊಪ್ಪಳಕ್ಕೆ ಹೋಗಿ ನೋಡಿರಿ. ಪುಷ್ಯ ಮಾಸದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ದಿನಗಟ್ಟಲೆ ಲಕ್ಷಾಂತರ ಜನ ಉಣ್ಣುತ್ತಾರೆ. ಆ ರೊಟ್ಟಿಯನ್ನು ಮಠದ ಅಡುಗೆಮನೆಯೊಂದೇ ಬಡಿಯಲಾದೀತೇ? ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಮುಂಚಿನಿಂದಲೇ ತಮ್ಮ ತಮ್ಮ ಮನೆಯ ಒಲೆಯ ಮೇಲೆ ಜೋಳದ ರೊಟ್ಟಿ ಸುಟ್ಟು, ಖಡಕ್ಕಾಗಿ ಒಣಗಿಸಿ ಇಡುತ್ತಾರೆ. ಟ್ರ್ಯಾಕ್ಟರಿನ ಡಬ್ಬಿಗೆ ಶುಭ್ರ ಬಟ್ಟೆ ಹಾಸಿ, ಪೇರಿಸಿ, ಡೊಳ್ಳು ಬಾರಿಸುತ್ತ ತರುತ್ತಾರೆ. ಕೆಲವು ಊರಿನವರು ಮಾದಲಿ, ಕೆಲವರು ಕಾಯಿಪಲ್ಲೆ, ಕೆಲವರು ಕಟ್ಟಿಗೆ. ಒಂದು ದಿನದ ಮಿರ್ಚಿ ಭಜಿಯನ್ನು ಗೆಳೆಯರ ಬಳಗವೊಂದು ತನ್ನ ಪಾಲಿಗೆ ತೆಗೆದುಕೊಳ್ಳುತ್ತದೆ. ಬಡಿಸಲು, ತಾಟು ತೊಳೆಯಲು ಊರೂರಿನವರು ಪಾಳಿ ಹಚ್ಚಿಕೊಂಡು ಬರುತ್ತಾರೆ. ನಿಂತು ನೋಡಬೇಕಾದದ್ದು ಟ್ರ್ಯಾಕ್ಟರು ಖಾಲಿಯಾಗುವ ಹೊತ್ತು. ಒಂದೂರಿನ ರೊಟ್ಟಿ ಇನ್ನೊಂದೂರಿನ ರೊಟ್ಟಿಯ ಮೇಲೆ ಬಿದ್ದು ರಾಶಿಯಾಗುತ್ತದೆ. ಕೊಂಚ ದಪ್ಪನೆಯದು, ಕೊಂಚ ಅಂಚು ಸೀಳಿದ್ದು, ಎಳ್ಳು ಹಚ್ಚಿದ್ದು, ಸಜ್ಜೆಯದು ಎಲ್ಲ ಬೆರೆಯುತ್ತದೆ. ಯಾವ ರೊಟ್ಟಿ ಯಾರದೆಂದು ಬಡಿದವಳೂ ಹೇಳಲಾರಳು. ಮನೆಯಿಂದ ಹೊರಡುವಾಗ ಊರ ಹೆಸರಿನ ಬ್ಯಾನರ್ ಟ್ರ್ಯಾಕ್ಟರಿಗೆ ಕಟ್ಟಿರುತ್ತದೆ, ಇಲ್ಲವೆನ್ನುವುದಿಲ್ಲ. ಅಷ್ಟು ಆಸೆ ಇರಲಿ ಬಿಡಿರಿ.

ಇದೇ ಅಭ್ಯಾಸ ಜಾತ್ರೆಯ ಆಚೆಗೂ ದುಡಿದಿದೆ. 2019ರಲ್ಲಿ ಗವಿಮಠದ ಸ್ವಾಮಿಗಳು ಕೊಪ್ಪಳದ ಹಿರೇಹಳ್ಳದ ಹೂಳೆತ್ತಲು ಇಳಿದಾಗ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಹಳ್ಳ ಜನರ ಕೈಯಿಂದಲೇ ಸ್ವಚ್ಛವಾಯಿತು. ರೊಟ್ಟಿ ಹಂಚಿಕೊಂಡು ಗೊತ್ತಿದ್ದ ಊರುಗಳಿಗೆ ಸಲಿಕೆ, ಯಂತ್ರ, ಡೀಸೆಲ್ಲು ಹಂಚಿಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಅದೇ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಹಳ್ಳಿಗಳು ಮುಳುಗಿದಾಗ ಇದರ ಉಲ್ಟಾ ಕಂಡೆವು. ಮನಸ್ಸು ಎಲ್ಲರದೂ ದೊಡ್ಡದೇ. ಆದರೆ ಸಂಘಸಂಘವೂ ತನ್ನ ಗಾಡಿ, ತನ್ನ ಬ್ಯಾನರ್ ಕಟ್ಟಿಕೊಂಡು ಡಾಂಬರು ರಸ್ತೆಗೆ ಹತ್ತಿದ ಊರಿಗೇ ಓಡಿತು. ಅಲ್ಲಿ ಹಳೇ ಬಟ್ಟೆಯ ಗುಡ್ಡೆ ಬಿತ್ತು. ಮಳೆಗೆ ನೆಂದು ನಾರತೊಡಗಿದ ಮೇಲೆ ಅದನ್ನು ಸಾಗಿಸುವುದೇ ಸಂತ್ರಸ್ತರಿಗೆ ಇನ್ನೊಂದು ಕೆಲಸವಾಯಿತು. ಒಳದಾರಿಯ ಊರುಗಳಲ್ಲಿ ಕೇಳುತ್ತಿದ್ದುದು ಬೇರೆ: ಚಾಪೆ, ಬ್ಲೀಚಿಂಗ್ ಪೌಡರು, ದನಕ್ಕೆ ಮೇವು, ಹೆಣ್ಣುಮಕ್ಕಳಿಗೆ ಒಳಉಡುಪು, ಮುಟ್ಟಿನ ಬಟ್ಟೆ. ಊರ ಸಂಘಗಳೆಲ್ಲ ಸೇರಿ ಇಬ್ಬರನ್ನು ಮೊದಲು ಬೈಕಿನ ಮೇಲೆ ಕಳಿಸಿ ‘ಏನು ಬೇಕು’ ಎಂದು ಕೇಳಿಸಿದ್ದರೆ, ಹತ್ತು ಗಾಡಿ ಹಳೇ ಬಟ್ಟೆಯ ಬದಲು ಮೂರು ಗಾಡಿ ಮೇವು ಹೋಗುತ್ತಿತ್ತು.

ಈಗ ಬ್ಯಾನರಿನ ಮಾತು. ಮೊನ್ನೆ ನಿಮ್ಮಂಥವನೇ ಒಬ್ಬ ಹುಡುಗ ಬಂದು ಕೂತು ಕೇಳಿದ: ‘ಕಾಕಾ, ನಮ್ಮ ಹುಡುಗರನ್ನ ಅವ್ರ ಕಾರ್ಯಕ್ರಮಕ್ಕ ಯಾಕ ಕಳಸಬೇಕ್ರಿ? ದುಡಿಯೋರು ನಾವು, ಫೋಟೋದಾಗ ನಿಲ್ಲೋರು ಅವ್ರು.’ ಅವನ ಮಾತನ್ನು ತಳ್ಳಿಹಾಕಲಿಲ್ಲ. ದುಡಿದವನಿಗೆ ಹೆಸರಿನ ಆಸೆ ಇರಬಾರದು ಎಂದು ಉಪದೇಶ ಮಾಡುವವರು ಬಹುಮಟ್ಟಿಗೆ ವೇದಿಕೆಯ ಮೇಲೆ ಕೂತಿರುತ್ತಾರೆ. ಒಟ್ಟಿಗೆ ಮಾಡಿದ ಕೆಲಸದ ಬ್ಯಾನರಿನಲ್ಲಿ ಕೆಲಸದ ಹೆಸರು, ಊರು, ತಾರೀಖು ಮೂರೇ ಇರಲಿ. ಮುಖಗಳು ಬೇಡ, ಸಂಘಗಳ ಹೆಸರೂ ಬೇಡ. ಹಾಗೆ ಆಗದಿದ್ದರೆ ಎಲ್ಲ ಸಂಘಗಳ ಹೆಸರು ಒಂದೇ ಅಳತೆಯಲ್ಲಿ, ಅಕಾರಾದಿಯಾಗಿ. ಪತ್ರಿಕೆಗೆ ಹೋಗುವ ಸುದ್ದಿಯನ್ನು ಇಬ್ಬರು ಓದಿ ಒಪ್ಪಿದ ಮೇಲೆ ಕಳಿಸಿರಿ. ಫೋಟೋ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಚುನಾವಣೆ ಹತ್ತಿರ ಬಂದ ವರ್ಷ ಮಾತ್ರ ಇನ್ನಷ್ಟು ಎಚ್ಚರ. ಪಂಚಾಯ್ತಿಗೆ ನಿಲ್ಲುವ ಆಸೆಯವನು ನಿಮ್ಮ ನಾಲ್ಕೂ ಸಂಘಗಳ ಜೋಡಣೆಯನ್ನು ತನ್ನ ಮೆರವಣಿಗೆಗೆ ಬಳಸಿಕೊಳ್ಳಲು ಬಂದೇ ಬರುತ್ತಾನೆ, ಕೈಯಲ್ಲಿ ಹೊಸ ಕ್ರಿಕೆಟ್ ಕಿಟ್ ಹಿಡಿದು.

ರಜಿಸ್ಟರು ಯಾರ ಕೈಯಲ್ಲಿರಬೇಕು? ನನ್ನನ್ನು ಕೇಳಿದರೆ ಸ್ತ್ರೀಶಕ್ತಿ ಗುಂಪಿನ ತಾಯಂದಿರ ಕೈಯಲ್ಲಿ. ನೀವು ಅವರನ್ನು ರೊಟ್ಟಿ ಬಡಿಯಲಿಕ್ಕೆ, ಕುಂಭ ಹೊರಲಿಕ್ಕೆ, ಸಭೆಯಲ್ಲಿ ಆರತಿ ಎತ್ತಲಿಕ್ಕೆ ಮಾತ್ರ ಕರೆಯುತ್ತೀರಿ. 2000ನೇ ಇಸವಿಯಲ್ಲಿ ಈ ಯೋಜನೆ ಬಂದಂದಿನಿಂದ ಹತ್ತಿಪ್ಪತ್ತು ಜನ ಹೆಂಗಸರು ಕೂತು ವಾರವಾರ ಉಳಿತಾಯ ಕಟ್ಟಿ, ಸಾಲ ಕೊಟ್ಟು, ವಸೂಲಿ ಮಾಡಿ, ಪುಸ್ತಕ ತಾಳೆ ಮಾಡುತ್ತಾ ಬಂದಿದ್ದಾರೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಮನೆಗೆ ಎದ್ದುಹೋಗದೆ ಹುಡುಕುವ ಶಿಸ್ತು ನಿಮ್ಮಲ್ಲಿ ಎಷ್ಟು ಮಂದಿಗಿದೆ? ಅವರು ಕೇಳಿದರೆ ಕೊಪ್ಪರಿಗೆ ತೊಳೆದು ವಾಪಸು ಬರುತ್ತದೆ ಕೂಡ. ಅವ್ವನ ವಯಸ್ಸಿನವರಿಗೆ ಸುಳ್ಳು ಹೇಳುವುದು ಕಷ್ಟ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಮೊದಲ ಎರಡು ವರ್ಷ ದುಡ್ಡು ಕೂಡಿಸಬೇಡಿರಿ. ಒಂದು ಕೆಲಸಕ್ಕೆ ಪೆಂಡಾಲಿನವನಿಗೆ ಒಬ್ಬರು, ಕಿರಾಣಿಗೆ ಒಬ್ಬರು, ಡೀಸೆಲ್ಲಿಗೆ ಒಬ್ಬರು ಎಂದು ಹಂಚಿಕೊಂಡು, ನೇರವಾಗಿ ಅಂಗಡಿಗೇ ಕೊಟ್ಟು, ತಮ್ಮ ತಮ್ಮ ಪಾವತಿ ತಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿರಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದವರು ವರ್ಷದ ಲೆಕ್ಕವನ್ನು ನೋಂದಣಾಧಿಕಾರಿಗೆ ಕೊಡಬೇಕಾಗುತ್ತದೆ. ಯಾರದೋ ಖರ್ಚು ಯಾರದೋ ಪುಸ್ತಕದಲ್ಲಿ ಬಿದ್ದರೆ ಬಿಡಿಸುವುದು ಕಷ್ಟ. ಊರಿನಲ್ಲಿ ಕೆಲಸ ಮಾಡುವ ದೊಡ್ಡ ಸಂಸ್ಥೆಯೊಂದು ವಿದೇಶಿ ದೇಣಿಗೆಯಿಂದ ನಡೆಯುತ್ತಿದ್ದರೆ, ಆ ಹಣವನ್ನು ನಿಮ್ಮ ಸಂಘಕ್ಕೆ ವರ್ಗಾಯಿಸಿರಿ ಎಂದು ಕೇಳಲೇಬೇಡಿರಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಕಾನೂನು ಅದನ್ನು ಒಪ್ಪುವುದಿಲ್ಲ. ಅವರಲ್ಲಿ ಕೇಳಬೇಕಾದದ್ದು ತಿಳಿದವರ ಸಮಯವನ್ನು: ಒಬ್ಬ ಇಂಜಿನಿಯರು ಬಂದು ನಿಮ್ಮ ಕೃಷಿಹೊಂಡದ ಜಾಗ ನೋಡಿ ಹೋದರೆ ಅದೇ ದೊಡ್ಡ ನೆರವು.

ಇಲ್ಲ ಅನ್ನುವುದನ್ನೂ ಕಲಿಯಿರಿ. ಸುಗ್ಗಿಯ ದಿನ ಹುಡುಗರಿಲ್ಲ, ಪರೀಕ್ಷೆಯ ತಿಂಗಳು ಹುಡುಗಿಯರಿಲ್ಲ ಎಂದು ಕೇಳಿದ ಕೂಡಲೇ ನೇರವಾಗಿ ಹೇಳಿಬಿಡಿರಿ. ‘ನೋಡೋಣ್ರಿ, ಕಳಸ್ತೀವ್ರಿ’ ಎಂದು ಹೇಳಿ ಆ ದಿನ ಫೋನ್ ಎತ್ತದಿರುವುದು ನಮ್ಮ ಸೀಮೆಯ ದೊಡ್ಡ ರೋಗ. ಇಲ್ಲ ಅಂದವರ ಮೇಲೆ ಕೋಪ ಎರಡು ದಿನ ಇರುತ್ತದೆ; ನಂಬಿಸಿ ಬಾರದವರ ಮೇಲೆ ಇನ್ನೊಮ್ಮೆ ನಂಬಿಕೆ ಹುಟ್ಟಲು ವರ್ಷಗಳೇ ಬೇಕು.

ಮೊದಲ ಸಭೆಗೆ ಮೂರು ಸಂಘ ಸಾಕು, ಎಲ್ಲರೂ ಬರಲಿ ಎಂದು ಕಾಯುತ್ತ ಕೂರಬೇಡಿರಿ. ವೇದಿಕೆ ಬೇಡ, ಹಾರ ಬೇಡ, ಜಮಖಾನ ಹಾಸಿ ಸುತ್ತ ಕೂರಿರಿ. ಪ್ರತಿ ಸಂಘದಿಂದ ಇಬ್ಬರು, ಅದರಲ್ಲಿ ಒಬ್ಬರು ಹೆಣ್ಣುಮಗಳು. ಅಮಾವಾಸ್ಯೆ ಬಿಟ್ಟು ಯಾವುದಾದರೂ ಭಾನುವಾರ ಸಂಜೆ, ಎಮ್ಮೆ ಹಿಂಡುವ ಹೊತ್ತು ಕಳೆದ ಮೇಲೆ. ಬರುವಾಗ ತಮ್ಮ ಕೋಣೆಯ ಸಾಮಾನಿನ ಪಟ್ಟಿ, ಬರುವ ಆರು ತಿಂಗಳ ಕಾರ್ಯಕ್ರಮದ ತಾರೀಖು ಬರೆದುಕೊಂಡು ಬರಬೇಕು. ತರದವರನ್ನು ವಾಪಸು ಕಳಿಸಿ ತರಿಸಿರಿ, ಓಣಿ ಏನು ದೂರವಿಲ್ಲ. ಅವತ್ತೇ ಒಂದು ಸಣ್ಣ ಕೆಲಸ ಗೊತ್ತು ಮಾಡಿಕೊಳ್ಳಿರಿ. ಆ ಆಕ್ಸಿಜನ್ ಯಂತ್ರಗಳನ್ನು ಮೆಕ್ಯಾನಿಕ್‌ಗೆ ತೋರಿಸಿ, ಸರಿಯಿದ್ದವನ್ನು ಆರೋಗ್ಯ ಕೇಂದ್ರದ ಡಾಕ್ಟರಿಗೆ ತಿಳಿಸಿ, ಅವರ ಚೀಟಿ ತಂದವರಿಗೆ ಕೊಡುವುದೇ ಆಗಬಹುದು. ಮೆಕ್ಯಾನಿಕ್ಕಿನ ಖರ್ಚು ಎಷ್ಟಾಗುತ್ತದೆ ಎಂದು ಸೋಮವಾರ ಬೆಳಿಗ್ಗೆ ಯಾರು ಕೇಳಿಕೊಂಡು ಬರುತ್ತೀರಿ, ಅವರ ಹೆಸರನ್ನು ಮೊದಲ ಪುಟದಲ್ಲಿ ಬರೆಯಿರಿ.